ನುಡಿಯಬಲ್ಲ ಮಗು, ಓದಲಾರದ ಮಗು
(ಕೊಪ್ಪಳದಲ್ಲಿ ನೆರೆದ ಶಿಕ್ಷಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳೊಡನೆ ಕೊಪಣ ನಗರವನ್ನು ಹೆಸರಿಸಿದೆ. ಆ ಕೊಪಣವೇ ನಾವಿಂದು ಕುಳಿತಿರುವ ಕೊಪ್ಪಳ. ಈ ನಾಡವರು ಕ್ರಮವಾಗಿ ಓದದೆಯೂ ಕಾವ್ಯದಲ್ಲಿ ನುರಿತ ಮತಿಯುಳ್ಳವರೆಂದು ಅದೇ ಗ್ರಂಥವು ಹೊಗಳಿದೆ. ಆ ಹೊಗಳಿಕೆಯನ್ನು ನಾವು ಸಭೆಸಭೆಗಳಲ್ಲಿ ಅಭಿಮಾನದಿಂದ ನೆನೆಯುತ್ತೇವೆ. ಆದರೆ ನಮ್ಮ ಶಾಲೆಯ ಹಿಂದಿನ ಸಾಲಿನಲ್ಲಿ ಕುಳಿತು, ಮಾತಿನಲ್ಲಿ ಚುರುಕಾಗಿದ್ದು, ಪುಸ್ತಕ ಬಿಚ್ಚಿದೊಡನೆ ಬಾಯಿ ಕಟ್ಟಿದಂತಾಗುವ ಹುಡುಗನನ್ನು ಮಾತ್ರ ದಡ್ಡನೆನ್ನುತ್ತೇವೆ. ಆ ಹುಡುಗನ ಪರವಾಗಿ ನಾಲ್ಕು ಮಾತುಗಳನ್ನು ಬಿನ್ನವಿಸಬೇಕೆಂದಿದ್ದೇವೆ.

1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಆಂಗ್ಲ ವೈದ್ಯರು 14 ವರ್ಷದ ಬಾಲಕನೊಬ್ಬನ ವೃತ್ತಾಂತವನ್ನು ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಆ ಬಾಲಕನ ಕಣ್ಣು ನೆಟ್ಟಗಿದ್ದವು. ಲೆಕ್ಕ ಚೆನ್ನಾಗಿ ಬರುತ್ತಿತ್ತು. ವರ್ಷಗಟ್ಟಲೆ ಕಲಿಸಿದರೂ ಸಣ್ಣ ಶಬ್ದಗಳನ್ನು ಸಹ ಓದಲಾರದವನಾಗಿದ್ದನು. ಪಾಠವೆಲ್ಲ ಬಾಯಿಮಾತಿನಲ್ಲಿಯೇ ನಡೆದಿದ್ದರೆ ಶಾಲೆಯಲ್ಲಿ ಅವನಷ್ಟು ಜಾಣ ಮತ್ತೊಬ್ಬನಿರುತ್ತಿರಲಿಲ್ಲವೆಂದು ಅವನ ಶಿಕ್ಷಕರೇ ಹೇಳಿದ್ದರಂತೆ. ಈ ತೊಂದರೆಯನ್ನು ಇಂದು ಡಿಸ್ಲೆಕ್ಸಿಯಾ ಎನ್ನುತ್ತಾರೆ. ಆಡಿದ ಶಬ್ದದೊಳಗಿನ ಧ್ವನಿಗಳನ್ನು ಬಿಡಿಸಿಕೊಂಡು, ಒಂದೊಂದನ್ನೂ ಅದರ ಅಕ್ಷರಕ್ಕೆ ಜೋಡಿಸುವ ಕೆಲಸವು ಇಂಥವರ ಮಿದುಳಿನಲ್ಲಿ ಸುಲಭವಾಗಿ ಸಾಗುವುದಿಲ್ಲ. ಅನೇಕ ವೇಳೆ ಇದು ಮನೆತನದಲ್ಲಿ ಹರಿದುಬರುತ್ತದೆ. ಸೋಮಾರಿತನಕ್ಕೂ ಇದಕ್ಕೂ ಸಂಬಂಧವಿಲ್ಲ. ಬೆತ್ತದಿಂದ ಇದು ಹೋಗುವುದೂ ಇಲ್ಲ.

ಕನ್ನಡವು ನುಡಿದಂತೆ ಬರೆಯುವ ಭಾಷೆಯಾದುದರಿಂದ ಈ ತೊಡಕು ನಮಗಿಲ್ಲವೆಂದು ಕೆಲವರು ಭಾವಿಸುತ್ತಾರೆ. ಅದು ಸರಿಯಲ್ಲ. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರಗಳು, ಆದರೆ 34 ವ್ಯಂಜನಗಳ ಕಾಗುಣಿತವನ್ನು ಎಣಿಸಿದರೇ ನಾಲ್ಕುನೂರನ್ನು ಮೀರುತ್ತದೆ, ಒತ್ತಕ್ಷರಗಳು ಬೇರೆ. ‘ಸೂರ್ಯ’ ಎಂಬಲ್ಲಿ ಬಾಯಿ ರಕಾರವನ್ನು ಮೊದಲು ನುಡಿಯುತ್ತದೆ. ಅರ್ಕಾವೊತ್ತನ್ನು ಕೈ ಯಕಾರದ ಆಚೆಗೆ ಬರೆಯುತ್ತದೆ. ದ-ಧ, ಬ-ಭ, ಪ-ಷಗಳಲ್ಲಿ ಒಂದು ಗೀಟಿನಷ್ಟೇ ಅಂತರ. ಕನ್ನಡ ಮಕ್ಕಳ ಓದನ್ನು ಪರೀಕ್ಷಿಸಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಸಾಮಾನ್ಯ ಮಕ್ಕಳಿಗೂ ಅಕ್ಷರಗಳು ಪೂರ್ತಿ ಕೈವಶವಾಗಲು ನಾಲ್ಕನೆಯ ತರಗತಿಯವರೆಗೆ, ಅದರಾಚೆಗೂ ಕಾಲ ಹಿಡಿಯುತ್ತದೆ. ಅಂದಮೇಲೆ ಒಂದನೆಯ ತರಗತಿಯಲ್ಲಿ ತಡವರಿಸಿದ ಮಗುವನ್ನು ಕೈಬಿಡುವುದು ಎಂಥ ಅನ್ಯಾಯ!

ಹಾಗೆಂದು ಓದು ಬಾರದ ಮಕ್ಕಳೆಲ್ಲರಿಗೂ ಈ ದೋಷವೇ ಇದೆಯೆಂದು ತಿಳಿಯಲಾಗದು. ಮಳೆ ಕೈಕೊಟ್ಟ ವರ್ಷ ಕುಷ್ಟಗಿ, ಯಲಬುರ್ಗಾಗಳ ಹಳ್ಳಿಗಳಿಂದ ಗುಳೆ ಹೋಗುವ ತಂದೆತಾಯಿಗಳ ಹಿಂದೆ ಮಕ್ಕಳೂ ಹೋಗುತ್ತಾರೆ. ತಿಂಗಳುಗಟ್ಟಲೆ ಶಾಲೆ ತಪ್ಪುತ್ತದೆ. ತಾಂಡಾದ ಮಗುವಿನ ಮನೆಮಾತು ಲಂಬಾಣಿ. ಗಂಗಾವತಿ ಸೀಮೆಯ ಕ್ಯಾಂಪುಗಳಲ್ಲಿ ತೆಲುಗು. ನಿಜಾಮರ ಆಳಿಕೆಯಲ್ಲಿ ಉರ್ದುವಿನಲ್ಲಿ ಕಲಿಯಬೇಕಾಗಿ ಬಂದ ನಮ್ಮ ಹಿರಿಯರು, ಅನ್ಯಭಾಷೆಯಲ್ಲಿ ತಡವರಿಸುವ ಮಗು ಬುದ್ಧಿಹೀನವಲ್ಲವೆಂದು ವಾದಿಸಿದರು. ಆ ನ್ಯಾಯವನ್ನು ಇಂದು ತಾಂಡಾದ ಮಗುವಿಗೆ ನಾವು ನಿರಾಕರಿಸಬಹುದೇ?

ಆದುದರಿಂದ ಮೊದಲು ವಿಚಾರಿಸಬೇಕು. ಮಗುವಿಗೆ ಕಿವಿ ಚೆನ್ನಾಗಿ ಕೇಳುವುದೇ? ಕಣ್ಣು ಕಾಣುವುದೇ? ಶಾಲೆಗೆ ಸರಿಯಾಗಿ ಬಂದಿದೆಯೇ? ಎರಡು ವರ್ಷ ತುಂಬಿದ ಮೇಲೂ ಎರಡು ಶಬ್ದಗಳನ್ನು ಕೂಡಿಸಿ ಆಡದ ಕೂಸನ್ನು, ಅವರಪ್ಪನೂ ತಡವಾಗಿಯೇ ಮಾತಾಡಿದನೆಂದು ಸುಮ್ಮನೆ ಬಿಡದೆ, ಅದರ ಕಿವಿಯನ್ನು ತಪಾಸಣೆ ಮಾಡಿಸಬೇಕು. ಇವೆಲ್ಲ ಸರಿಯಿದ್ದೂ ಓದು ಹತ್ತದಿದ್ದರೆ ಕ್ರಮವಾದ ಅಭ್ಯಾಸವೇ ಚಿಕಿತ್ಸೆ, ಇದಕ್ಕೆ ಔಷಧವಿಲ್ಲ. ಶಬ್ದವನ್ನು ಚಪ್ಪಾಳೆಯೊಡನೆ ಬಿಡಿಬಿಡಿಯಾಗಿ ನುಡಿಸುವುದು, ಒಂದು ಸ್ವರಚಿಹ್ನೆ ಗಟ್ಟಿಯಾದ ಬಳಿಕ ಮತ್ತೊಂದನ್ನು ಕೊಡುವುದು, ನಮ್ಮ ಹಳೆಯ ಐಗಳು ಮಾಡಿಸುತ್ತಿದ್ದಂತೆ ಮರಳಿನ ಮೇಲೆ ಬೆರಳಿನಿಂದ ತಿದ್ದಿಸುತ್ತ ಬಾಯಲ್ಲಿ ಹೇಳಿಸುವುದು, ದಿನವೂ ಸ್ವಲ್ಪ ಸ್ವಲ್ಪವಾಗಿ ಓದಿಸುವುದು, ಹತ್ತು ಜನರೆದುರು ನಿಲ್ಲಿಸಿ ಓದಿಸಿ ನಗೆಗೀಡುಮಾಡದಿರುವುದು. ಇವಕ್ಕೆ ಹಣ ಬೇಕಾಗಿಲ್ಲ, ತಾಳ್ಮೆ ಬೇಕು.

ಸರ್ಕಾರದ ಹೊಣೆಯೂ ಸಣ್ಣದಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965ರಲ್ಲಿ ಸ್ಥಾಪಿತವಾಯಿತು. ಇಂಥ ಸಂಸ್ಥೆ ಕನ್ನಡ ನಾಡಿನಲ್ಲಿರುವುದು ನಮ್ಮ ಹೆಮ್ಮೆ. ಆದರೆ ಅದು ಕೊಪ್ಪಳದಿಂದ ಸುಮಾರು 400 ಕಿಲೋಮೀಟರು ದೂರ. ಹುಟ್ಟಿದಂದಿನಿಂದ 18 ವರ್ಷದವರೆಗೆ ಮಕ್ಕಳನ್ನು ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು 2013ರಲ್ಲಿ ಆರಂಭವಾಯಿತು. ಕಿವುಡು, ಮಾತಿನ ತಡ, ಕಲಿಕೆಯ ದೋಷ ಇವು ಅದರ ಪಟ್ಟಿಯಲ್ಲಿವೆ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು 21 ಬಗೆಯ ವೈಕಲ್ಯಗಳಲ್ಲಿ ಮಾತು-ಭಾಷೆಯ ದೋಷವನ್ನೂ ಕಲಿಕೆಯ ದೋಷವನ್ನೂ ಸೇರಿಸಿದೆ. ಐದು ವರ್ಷಕ್ಕೊಮ್ಮೆ ಶಾಲಾಮಕ್ಕಳ ಸಮೀಕ್ಷೆಯಾಗಬೇಕೆಂದೂ ವಿಧಿಸಿದೆ. ಈ ಅಧಿಕಾರವನ್ನು ಹಿಡಿದು ಕೇಳಬೇಕಾದವರು ನಾವು. ಪ್ರತಿ ತಾಲೂಕಿಗೂ ವಾಕ್‌ಚಿಕಿತ್ಸೆಯನ್ನು ಬಲ್ಲವರೊಬ್ಬರು ನಿಯತ ದಿನಗಳಲ್ಲಿ ಬರುವಂತಾಗಲಿ. ಪ್ರತಿ ಶಾಲೆಯಲ್ಲಿ ಒಬ್ಬ ಶಿಕ್ಷಕರಾದರೂ ಈ ಮಕ್ಕಳನ್ನು ಗುರುತಿಸುವ ತರಬೇತಿ ಪಡೆಯಲಿ.

ಬಂಧುಗಳೇ, 1948ರ ಸೆಪ್ಟೆಂಬರಿನಲ್ಲಿ ಈ ಸೀಮೆ ನಿಜಾಮರ ಆಳಿಕೆಯಿಂದ ಬಿಡುಗಡೆಯಾಯಿತು. 1956ರ ನವೆಂಬರ್ 1ರಂದು ಒಂದುಗೂಡಿದ ಕನ್ನಡ ನಾಡಿಗೆ ಸೇರಿತು. ಎಲ್ಲರೂ ಒಂದೇ ನುಡಿಯ ಬರಹವನ್ನು ಓದಿ ಬಾಳಲೆಂಬುದು ಆ ಹೋರಾಟದ ಆಸೆಯಾಗಿತ್ತು. ಅಕ್ಷರ ಹತ್ತದೆ ಶಾಲೆ ಬಿಟ್ಟು ಕೂಲಿಗೆ ಹೋದ ಹುಡುಗನಿಗೆ, ಹನ್ನೆರಡಕ್ಕೇ ಮನೆಯಲ್ಲಿ ಕುಳಿತ ಹುಡುಗಿಗೆ ಆ ಆಸೆ ಇನ್ನೂ ಫಲಿಸಿಲ್ಲ. ನಾಳೆ ಶಾಲೆಗೆ ಹೋದೊಡನೆ ಹಿಂದಿನ ಸಾಲಿನ ಆ ಮಗುವನ್ನು ಹತ್ತಿರ ಕರೆದು ಕುಳ್ಳಿರಿಸಿಕೊಂಡು, ಮೊದಲು ಅದರ ಮಾತನ್ನು ಕೇಳಿರೆಂದು ನಿಮ್ಮಲ್ಲಿ ಪ್ರಾರ್ಥಿಸಿ ವಿರಮಿಸುತ್ತೇವೆ.