ಗಾಡಿಗೆ ಎಥೆನಾಲು, ಗದ್ದೆಗೆ ನೀರು

(ಬೆಳ್ಳಿಹಬ್ಬದ ಅಂಗವಾಗಿ ನಡೆದ ರೈತ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಈ ದಿನ ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದೆ. ಷೇರು ಹಣ ಕೂಡಿಸೋದಕ್ಕೆ ಮನೆ ಮನೆ ಅಲೆದ ಹಿರಿಯರಲ್ಲಿ ಕೆಲವರು ಇಲ್ಲೇ ಮುಂದೆ ಕೂತಿದ್ದಾರೆ, ಕೆಲವರು ಇಂದು ನಮ್ಮ ಜೊತೆ ಇಲ್ಲ. ಅವರೆಲ್ಲರಿಗೂ ಮೊದಲು ನಮ್ಮ ನಮಸ್ಕಾರ. ಎಥೆನಾಲ್ ಬಗ್ಗೆ ನಾಲ್ಕು ಮಾತು ಆಡಿ ಅಂತ ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ನಾವು ಓದಿದ್ದು ಎಸ್.ಎಸ್.ಎಲ್.ಸಿ. ವಿಜ್ಞಾನಿಗಳ ಹಾಗೆ ಹೇಳೋಕೆ ನಮಗೆ ಬರೋದಿಲ್ಲ. ಆದರೆ ಕಬ್ಬು ಬೆಳೆದಿದ್ದೇವೆ, ಗೆದ್ದಿದ್ದೇವೆ, ಸೋತೂ ಇದ್ದೇವೆ. ಆ ಅನುಭವದಿಂದ ಹೇಳುತ್ತೇವೆ. ತಪ್ಪಿದ್ದರೆ ತಿದ್ದಬೇಕು.

ಎಥೆನಾಲ್ ಅಂದರೆ ಹೊಸ ವಸ್ತು ಏನಲ್ಲ. ಕಬ್ಬು ಅರೆದು ಸಕ್ಕರೆ ತೆಗೆದ ಮೇಲೆ ಉಳಿಯೋ ಕಾಕಂಬಿಯನ್ನು ಹುಳಿ ಬರಿಸಿ, ಕಾಯಿಸಿ ಇಳಿಸಿದರೆ ಬರುವ ಮದ್ಯಸಾರ ಅದು. ಅದರಲ್ಲಿ ನೀರಿನ ಅಂಶ ಪೂರಾ ತೆಗೆದರೆ ಪೆಟ್ರೋಲಿಗೆ ಬೆರೆಸಬಹುದು. ಪವರ್ ಆಲ್ಕೋಹಾಲ್ ಅಂತ ಕರೆದು, 1948ರಲ್ಲೇ ಕೇಂದ್ರ ಸರ್ಕಾರ ಇದಕ್ಕೊಂದು ಕಾಯ್ದೆ ಮಾಡಿತ್ತು. ಆಮೇಲೆ ಪೆಟ್ರೋಲು ಅಗ್ಗವಾಗಿ ಸಿಕ್ಕ ಕಾಲದಲ್ಲಿ ಯಾರೂ ಅದರ ಕಡೆ ತಿರುಗಿ ನೋಡಲಿಲ್ಲ.

ಈಗಿನ ಯೋಜನೆ ಶುರುವಾಗಿದ್ದು 2003ರ ಜನವರಿಯಲ್ಲಿ. ಒಂಬತ್ತು ರಾಜ್ಯಗಳಲ್ಲಿ ಪೆಟ್ರೋಲಿಗೆ ಶೇ. 5ರಷ್ಟು ಎಥೆನಾಲ್ ಬೆರೆಸಬೇಕು ಅಂತ ಆಯಿತು. ಅದರಲ್ಲಿ ನಮ್ಮ ಕರ್ನಾಟಕವೂ ಸೇರಿತ್ತು. ಅಂದರೆ ನಮ್ಮ ಸಂಘಕ್ಕೂ ಈ ಯೋಜನೆಗೂ ಹೆಚ್ಚು ಕಡಿಮೆ ಒಂದೇ ವಯಸ್ಸು. ಆದರೆ ಮಳೆ ಕೈಕೊಟ್ಟು ಕಬ್ಬು ಕಡಿಮೆಯಾಗಿ ಎಥೆನಾಲ್ ಸಿಗದೆ ಹೋದಾಗ, 2004ರ ಅಕ್ಟೋಬರಿನಲ್ಲಿ ಆ ಕಡ್ಡಾಯವನ್ನು ಸರ್ಕಾರವೇ ಸಡಿಲ ಮಾಡಿತು. ಹತ್ತು ವರ್ಷ ಕಳೆದು 2013-14ಕ್ಕೆ ಬಂದರೂ ಬೆರಕೆ ಶೇ. ಒಂದೂವರೆ ಮಾತ್ರ ಇತ್ತು.

ಗಾಲಿ ತಿರುಗಿದ್ದು 2018ರ ಜೈವಿಕ ಇಂಧನ ನೀತಿಯಿಂದ. ಕಾಕಂಬಿ ಒಂದೇ ಅಲ್ಲ, ಕಬ್ಬಿನ ಹಾಲಿನಿಂದಲೇ ನೇರವಾಗಿ ಎಥೆನಾಲ್ ಮಾಡಬಹುದು, ಹಾಳಾದ ಧಾನ್ಯದಿಂದಲೂ ಮಾಡಬಹುದು ಅಂತ ಆಯಿತು. ಅದೇ ವರ್ಷ ಜಿ.ಎಸ್.ಟಿ. ಶೇ. 18ರಿಂದ ಶೇ. 5ಕ್ಕೆ ಇಳಿಯಿತು. 2022ರ ಜೂನ್‌ನಲ್ಲಿ ದೇಶ ಶೇ. 10ರ ಬೆರಕೆ ಮುಟ್ಟಿತು. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಪ್ರಧಾನಿಯವರು ಶೇ. 20 ಬೆರಕೆಯ ಪೆಟ್ರೋಲನ್ನು ಬಿಡುಗಡೆ ಮಾಡಿದರು. 2030ಕ್ಕೆ ಅಂತ ಇಟ್ಟಿದ್ದ ಆ ಗುರಿಯನ್ನು 2025ರಲ್ಲೇ ಮುಟ್ಟಿದ್ದಾಯಿತು. ಇದನ್ನು ಸಣ್ಣ ಸಾಧನೆ ಅನ್ನೋಕಾಗೋದಿಲ್ಲ.

ಪರಿಸರಕ್ಕೆ ಏನು ಲಾಭ ಅಂತ ಕೇಳಬಹುದು. ಪೆಟ್ರೋಲು ಭೂಮಿಯ ಹೊಟ್ಟೆಯಲ್ಲಿ ಕೋಟ್ಯಂತರ ವರ್ಷ ಹುದುಗಿದ್ದ ಇಂಗಾಲ. ಅದನ್ನು ಸುಟ್ಟರೆ ಗಾಳಿಗೆ ಹೊಸ ಹೊರೆ. ಕಬ್ಬು ಹಾಗಲ್ಲ. ಬೆಳೆಯುವಾಗ ಗಾಳಿಯಿಂದ ತೆಗೆದುಕೊಂಡ ಇಂಗಾಲವನ್ನೇ ಉರಿದಾಗ ವಾಪಸ್ಸು ಕೊಡುತ್ತೆ. ಕೈಗಡ ತಂದು ತೀರಿಸಿದ ಹಾಗೆ. ನೀತಿ ಆಯೋಗದ ತಜ್ಞರ ಸಮಿತಿ 2021ರಲ್ಲಿ ಒಂದು ವರದಿ ಕೊಟ್ಟಿದೆ. ಶೇ. 20 ಬೆರಕೆಯಿಂದ ಹೊಗೆಯಲ್ಲಿನ ವಿಷಗಾಳಿ ಕಾರ್ಬನ್ ಮಾನಾಕ್ಸೈಡು ಬೈಕುಗಳಲ್ಲಿ ಅರ್ಧದಷ್ಟು, ಕಾರುಗಳಲ್ಲಿ ಶೇ. 30ರಷ್ಟು ಕಡಿಮೆ ಆಗುತ್ತೆ ಅಂತ ಅದರಲ್ಲಿದೆ. ಹಳೇ ಗಾಡಿಗಳಲ್ಲಿ ಮೈಲೇಜು ಸ್ವಲ್ಪ ಇಳಿಯುತ್ತೆ ಅಂತಲೂ ಅದೇ ವರದಿ ಒಪ್ಪಿಕೊಂಡಿದೆ. ಅದೂ ನಿಜವೇ. ಲೀಟರಿಗೆ ಲೀಟರ್ ನೋಡಿದರೆ ಎಥೆನಾಲಿನ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ.

ಆದರೆ ಬಂಧುಗಳೇ, ಅದೇ ವರದಿಯಲ್ಲಿ ಇನ್ನೊಂದು ಲೆಕ್ಕ ಇದೆ. ನಾವು ಇಲ್ಲಿ ನಿಂತಿರೋದು ಅದನ್ನು ಹೇಳೋದಕ್ಕೇ. ಒಂದು ಟನ್ ಕಬ್ಬಿನಿಂದ ನೇರವಾಗಿ ಮಾಡಿದರೆ ಸುಮಾರು 70 ಲೀಟರ್ ಎಥೆನಾಲ್ ಬರುತ್ತೆ. ಹಾಗೆ ಬರುವ ಒಂದೊಂದು ಲೀಟರಿಗೆ ಗದ್ದೆಯಲ್ಲಿ ಸುಮಾರು 2,860 ಲೀಟರ್ ನೀರು ಖರ್ಚಾಗುತ್ತೆ. ನಮ್ಮ ಬೈಕಿಗೆ 10 ಲೀಟರ್ ಪೆಟ್ರೋಲ್ ಹಾಕಿಸಿದರೆ ಅದರಲ್ಲಿ 2 ಲೀಟರ್ ಎಥೆನಾಲ್. ಅದು ಕಬ್ಬಿನ ಹಾಲಿನಿಂದ ಬಂದಿದ್ದಾದರೆ ನೀರಿನ ಲೆಕ್ಕ 5,720 ಲೀಟರ್. ಅಂದರೆ ಟ್ರ್ಯಾಕ್ಟರಿನಲ್ಲಿ ತರೋ ಒಂದು ಟ್ಯಾಂಕರ್ ನೀರಿಗಿಂತ ಹೆಚ್ಚು. ಕಾಕಂಬಿಯಿಂದ ಮಾಡಿದ ಎಥೆನಾಲ್ ಬೇರೆ. ಅದಕ್ಕೆ ಬೇಕಾದ ನೀರು ಸಕ್ಕರೆಗೆ ಅಂತ ಹೇಗೂ ಖರ್ಚಾಗಿರುತ್ತೆ, ಉಳಿಕೆ ಪದಾರ್ಥಕ್ಕೆ ಬೆಲೆ ಬಂತು ಅಷ್ಟೆ. ಎಥೆನಾಲಿಗಾಗಿಯೇ ಹೊಸದಾಗಿ ಕಬ್ಬು ಹಾಕಿದಾಗ ಹೊರೆ ಬೀಳೋದು ನಮ್ಮ ಬಾವಿ, ಬೋರು, ನಾಲೆಗಳ ಮೇಲೆ.

ಇದನ್ನು ನಾವು ಪುಸ್ತಕ ನೋಡಿ ಕಲಿತಿದ್ದಲ್ಲ. 2022ರಲ್ಲಿ ಒಳ್ಳೆ ಮಳೆ, ನಾಲೆ ತುಂಬ ನೀರು. ಎಥೆನಾಲ್ ಬಂತು, ಇನ್ನು ಕಬ್ಬಿಗೆ ಸೋಲಿಲ್ಲ ಅಂತ ಎಲ್ಲ ಕಡೆ ಮಾತು. ನಮ್ಮ ಮನೆಯಲ್ಲಿ ರಾಗಿ, ಅವರೆ ಬೆಳೀತಿದ್ದ ಎರಡು ಎಕರೆ ಹೊಲಕ್ಕೂ ಬೋರಿನ ನೀರು ನಂಬಿ ಕಬ್ಬು ಹಾಕಿದೆವು. "ಮನೆಗೆ ರಾಗಿ ಬೇಡವೇನಪ್ಪ?" ಅಂತ ಅಮ್ಮ ಕೇಳಿದರು. "ದುಡ್ಡು ಬಂದರೆ ರಾಗಿ ಕೊಂಡ್ಕೋಬಹುದು ಬಿಡವ್ವ" ಅಂದೆವು. 2023ರಲ್ಲಿ ಮುಂಗಾರು ಕೈಕೊಟ್ಟಿತು. ಕೆ.ಆರ್.ಎಸ್. ತುಂಬಲಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಸಾರಿತು. ಬೋರು ಮೊದಲು ಗಂಟೆಗೆ ಬಂತು, ಆಮೇಲೆ ಬರೀ ಗಾಳಿ ಉಗುಳಿತು. ಇನ್ನೊಂದು ಕೊರೆಸಿದೆವು, ಧೂಳು ಬಂತು. ಎದೆಯುದ್ದ ಬೆಳೆದಿದ್ದ ಕಬ್ಬು ಕಣ್ಣೆದುರೇ ಒಣಗಿ ಸೌದೆ ಆಯಿತು. ಆ ವರ್ಷ ಅಂಗಡಿಯಿಂದ ರಾಗಿ ತಂದು ಮುದ್ದೆ ಉಂಡೆವು. ಅಮ್ಮ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸ್ತು.

ನಮ್ಮ ಮನೆ ಕಥೆ ಮಾತ್ರ ಆಗಿದ್ದರೆ ಈ ಸಭೆಯಲ್ಲಿ ಹೇಳುತ್ತಿರಲಿಲ್ಲ. ಆ ವರ್ಷ ಹಾಗೆ ಹೊಸದಾಗಿ ಕಬ್ಬು ಹಾಕಿದ ಸದಸ್ಯರಿಗೆ ಸಂಘದಿಂದ ಬೆಳೆ ಸಾಲ ಕೊಟ್ಟೆವು. ಆಡಳಿತ ಮಂಡಳಿ ಸಭೆಯಲ್ಲಿ ಆ ಅರ್ಜಿಗಳಿಗೆ ಒಪ್ಪಿಗೆ ಕೊಟ್ಟವರಲ್ಲಿ ನಾವೂ ಒಬ್ಬರು. ಪಹಣಿ ನೋಡಿದೆವು, ಹಳೇ ಬಾಕಿ ನೋಡಿದೆವು. ಬೇಸಿಗೆಯಲ್ಲಿ ನಿಮ್ಮ ಬೋರಿನಲ್ಲಿ ನೀರೆಷ್ಟು ಅಂತ ಒಬ್ಬರನ್ನೂ ಕೇಳಲಿಲ್ಲ. ಮುಂದೆ ಕೆಲವರ ಸಾಲ ಸುಸ್ತಿಗೆ ಬಿತ್ತು. ವಸೂಲಿಗೆ ಅಂತ ಅವರ ಬಾಗಿಲಿಗೆ ಹೋದಾಗ ತಲೆ ತಗ್ಗಿಸಿದ್ದು ಅವರಲ್ಲ, ನಾವು.

ಸರ್ಕಾರದ ನೀತಿಯಾದರೂ ಗಟ್ಟಿ ನಿಂತಿತೇ? ಅದೇ ಬರದಿಂದ ಸಕ್ಕರೆ ಸಾಲದೆ ಹೋದೀತು ಅಂತ 2023ರ ಡಿಸೆಂಬರಿನಲ್ಲಿ ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡೋದನ್ನು ಕೇಂದ್ರ ತಡೆಯಿತು. ಕೆಲವೇ ದಿನದಲ್ಲಿ ಮಿತಿ ಹಾಕಿ ಸ್ವಲ್ಪ ಬಿಟ್ಟಿತು. 2024ರ ಆಗಸ್ಟಿನಲ್ಲಿ ನಿರ್ಬಂಧ ತೆಗೆಯಿತು. ಅಷ್ಟರಲ್ಲಿ ಮೆಕ್ಕೆಜೋಳ, ಅಕ್ಕಿಯ ಎಥೆನಾಲ್ ಮುಂದೆ ಬಂದು ಕಬ್ಬಿನ ಪಾಲು ಹಿಂದೆ ಬಿತ್ತು. ಸರ್ಕಾರವನ್ನು ಬೈಯೋದಕ್ಕೆ ಈ ಮಾತು ಹೇಳ್ತಿಲ್ಲ. ಜನರಿಗೆ ಸಕ್ಕರೆ ಸಿಗಬೇಕು, ಅದೂ ಸರಿಯೇ. 2004ರಲ್ಲಿ ಒಂದು ಸಲ, 2023ರಲ್ಲಿ ಒಂದು ಸಲ, ಎರಡು ಸಲವೂ ನೀತಿ ಬದಲಾಗಿದ್ದು ಮಳೆ ಹೋದಾಗ. ದೆಹಲಿಯ ಕಾಗದವೂ ಕಡೆಗೆ ಮುಗಿಲು ನೋಡಿಕೊಂಡೇ ಇರುತ್ತೆ. ಹಾಗಿದ್ದ ಮೇಲೆ ನಾವು ಎಷ್ಟು ನೋಡಬೇಕು!

ಬೆಲೆ ವಿಚಾರ ಹೇಳದಿದ್ದರೆ ತಪ್ಪಾಗುತ್ತೆ. ಕಬ್ಬಿಗೆ ಕೇಂದ್ರದ ದರ ನಿಗದಿಯಾಗೋದು ಸಕ್ಕರೆ ಇಳುವರಿ ಮೇಲೆ. 2025-26ಕ್ಕೆ ಶೇ. 10.25 ಇಳುವರಿಗೆ ಟನ್ನಿಗೆ 3,550 ರೂಪಾಯಿ. ಕಬ್ಬಿನ ಹಾಲಿನ ಎಥೆನಾಲ್ ಬೆಲೆ 2022-23ರಲ್ಲಿ ಲೀಟರಿಗೆ 65 ರೂಪಾಯಿ 61 ಪೈಸೆ ಇದ್ದಿದ್ದು 2024-25ರಲ್ಲೂ ಅಷ್ಟೇ ಇತ್ತು. ನಮಗೆ ಗಿಟ್ಟೋದಿಲ್ಲ ಅಂತ ಕಾರ್ಖಾನೆಯವರು ಹೇಳ್ತಾರೆ, ನಮ್ಮ ಪಾಲು ಎಲ್ಲಿ ಅಂತ ನಾವು ಕೇಳ್ತೇವೆ. ಉಪ ಉತ್ಪನ್ನಗಳ ಆದಾಯದಲ್ಲೂ ರೈತನಿಗೆ ಪಾಲು ಇರಬೇಕು ಅಂತ ರಂಗರಾಜನ್ ಸಮಿತಿ 2012ರಲ್ಲೇ ಹೇಳಿದೆ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆ ಗುರ್ಲಾಪುರದಲ್ಲಿ ನಮ್ಮ ಅಣ್ಣತಮ್ಮಂದಿರು ರಸ್ತೆಯಲ್ಲಿ ಕೂತಿದ್ದೂ ಕಬ್ಬಿನ ಬೆಲೆಗಾಗಿಯೇ. ಆ ಹೋರಾಟ ನ್ಯಾಯವಾದದ್ದು, ಅದು ಬಿಡಬಾರದು.

ಆದರೆ ನಮ್ಮ ಕೈಯಲ್ಲಿ ಇರೋದನ್ನು ನಾವು ಮೊದಲು ಮಾಡೋಣ. ಈ ಬೆಳ್ಳಿಹಬ್ಬದಲ್ಲಿ ನಾಲ್ಕು ಸೂಚನೆಗಳನ್ನು ತಮ್ಮ ಮುಂದೆ ಇಡುತ್ತೇವೆ.

ಒಂದು, ಕಬ್ಬಿನ ಸಾಲದ ಅರ್ಜಿ ಜೊತೆಯಲ್ಲಿ ಬೇಸಿಗೆ ನೀರಿನ ವಿವರವನ್ನೂ ಸಂಘ ಕೇಳಲಿ. ನೀರಿಲ್ಲದವರಿಗೆ ಸಾಲ ಇಲ್ಲ ಅಂತಲ್ಲ, ಬೇರೆ ಬೆಳೆಗೆ ಸಾಲ ಕೊಡೋಣ.

ಎರಡು, ಹೊಸ ಎಕರೆಗೆ ಕಬ್ಬು ಹಾಕೋ ಮೊದಲು ಇರೋ ಕಬ್ಬಿಗೆ ಹನಿ ನೀರಾವರಿ ಆಗಲಿ. ಸರ್ಕಾರದ ಸಹಾಯಧನ ಇದೆ, ಉಳಿದ ಹಣಕ್ಕೆ ಸಂಘ ಬೆನ್ನಿಗೆ ನಿಲ್ಲಲಿ.

ಮೂರು, ಕಟಾವು ಆದ ಮೇಲೆ ತರಗಿಗೆ ಬೆಂಕಿ ಇಡೋದು ನಿಲ್ಲಲಿ. ಗದ್ದೆ ತುಂಬ ಹೊಗೆ ಎಬ್ಬಿಸಿ ನಮ್ಮ ಕಬ್ಬು ಗಾಳಿ ಶುದ್ಧ ಮಾಡುತ್ತೆ ಅಂದರೆ ಯಾರು ನಂಬುತ್ತಾರೆ? ತರಗನ್ನು ಸಾಲಿನ ನಡುವೆ ಹರಡಿದರೆ ಕೂಳೆ ಕಬ್ಬಿಗೆ ತೇವ ನಿಲ್ಲುತ್ತೆ, ಗೊಬ್ಬರವೂ ಆಗುತ್ತೆ.

ನಾಲ್ಕು, ಎಥೆನಾಲ್ ಘಟಕದಿಂದ ಹೊರಬರೋ ಕಪ್ಪು ನೀರು ಒಂದು ಹನಿಯೂ ಹಳ್ಳಕ್ಕೆ ಸೇರಬಾರದು ಅಂತ ನಿಯಮ ಇದೆ. ಎಲ್ಲಿ ಘಟಕ ಬಂದರೂ ಅಲ್ಲಿನ ಹಳ್ಳದ ನೀರನ್ನು ಊರಿನವರೇ ಕಣ್ಣಿಟ್ಟು ನೋಡಬೇಕು.

ಎಥೆನಾಲ್ ಒಳ್ಳೆಯದು ಅನ್ನೋ ಮಾತನ್ನು ನಾವು ಒಪ್ಪುತ್ತೇವೆ. ಪರದೇಶಕ್ಕೆ ಹೋಗೋ ಎಣ್ಣೆ ದುಡ್ಡಿನಲ್ಲಿ ಒಂದಿಷ್ಟು ನಮ್ಮ ಹಳ್ಳಿಗೆ ಬಂದರೆ ಯಾರಿಗೆ ಬೇಡ? ಆದರೆ ಅದು ಭೂಮಿತಾಯಿಗೆ ಒಳ್ಳೆಯದಾಗಬೇಕಾದರೆ ನಮ್ಮ ಗದ್ದೆಯ ಮಡೆಬಾಯಿಯಲ್ಲಿ ನೀರಿನ ಲೆಕ್ಕ ಸರಿ ಇರಬೇಕು. ಆ ಎರಡು ಎಕರೆಗೆ ನಾವು ಈಗ ಮತ್ತೆ ರಾಗಿ ಹಾಕಿದ್ದೇವೆ, ಅಕ್ಕಡಿ ಸಾಲಿಗೆ ಅವರೆ ಇದೆ. ಗದ್ದೆಯಲ್ಲಿ ಕಬ್ಬು ಇದೆ, ಹನಿ ನೀರಿನಲ್ಲಿ. ಅಮ್ಮ ಈಗ ಹೊಲದ ಕಡೆ ಬರುತ್ತಾರೆ.

ಸಂಘ ಚಿನ್ನದ ಹಬ್ಬ ಆಚರಿಸುವಾಗಲೂ ಊರಿನ ಬಾವಿಗಳಲ್ಲಿ ನೀರಿರಲಿ ಅಂತ ಹಾರೈಸಿ, ನಮ್ಮ ಮಾತು ಮುಗಿಸುತ್ತೇವೆ.

ಜೈ ಹಿಂದ್. ಜೈ ಕರ್ನಾಟಕ. ಜೈ ಸಹಕಾರ.