ಚರ್ಮದ ಮೇಲಿನ ಜೇಡರೂಪದ ರಕ್ತನಾಳಗಳು

(ಹೈದರಾಬಾದಿನ ಮಣಿಕೊಂಡದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗಾಗಿ ಸಿದ್ಧಪಡಿಸಿದ ಭಾಷಣದ ಪಾಠ)



ಮುಖ, ಕತ್ತು, ಎದೆಯ ಮೇಲ್ಭಾಗ ಇಲ್ಲವೇ ತೋಳಿನ ಮೇಲೆ ಕೆಲವರಿಗೆ ಸಾಸಿವೆಕಾಳಿಗಿಂತ ಚಿಕ್ಕದಾದ ಕೆಂಪು ಚುಕ್ಕೆಯೊಂದು ಮೂಡಿ, ಅದರ ಸುತ್ತಲೂ ಕೂದಲೆಳೆಯಂಥ ಗೆರೆಗಳು ಹರಡಿಕೊಳ್ಳುವುದುಂಟು. ನೋಟಕ್ಕೆ ಕಾಲು ಚಾಚಿ ಕುಳಿತ ಜೇಡದಂತಿರುವುದೇ ಈ ಹೆಸರಿಗೆ ಕಾರಣ. ಇದು ಜೇಡ ಕಚ್ಚಿ ಬಂದದ್ದಲ್ಲ, ಮೈಮೇಲೆ ಹರಿದು ಬಂದದ್ದೂ ಅಲ್ಲ. ಒಬ್ಬರಿಂದೊಬ್ಬರಿಗೆ ಅಂಟುವುದೂ ಇಲ್ಲ.

ನಡುವಿನ ಚುಕ್ಕೆಯು ಹಿಗ್ಗಿದ ಒಂದು ಸಣ್ಣ ಅಪಧಮನಿ. ಗೆರೆಗಳೆಲ್ಲ ಅದರಿಂದಲೇ ರಕ್ತ ಪಡೆಯುವ ಕಿರುನಾಳಗಳು. ಪಾರದರ್ಶಕ ಗಾಜಿನ ತುಂಡಿನಿಂದ ಮೆಲ್ಲನೆ ಒತ್ತಿದರೆ ಇಡೀ ಗುರುತು ಮಾಯವಾಗುತ್ತದೆ. ಒತ್ತಡ ತೆಗೆದೊಡನೆ ಮೊದಲು ನಡುವಿನ ಚುಕ್ಕೆ, ಅನಂತರ ಕಾಲುಗಳು ಕೆಂಪಾಗುತ್ತವೆ. ಇತರ ಮಚ್ಚೆಗಳಿಂದ ಇದನ್ನು ಬೇರ್ಪಡಿಸುವ ಸುಲಭ ಪರೀಕ್ಷೆ ಇದೇ. ಆದರೆ ನಮ್ಮ ಮೈಬಣ್ಣದಲ್ಲಿ ಕೆಂಪು ಅಷ್ಟಾಗಿ ಎದ್ದು ಕಾಣದು. ಒಳ್ಳೆಯ ಬೆಳಕಿನಲ್ಲಿ ನೋಡದಿದ್ದರೆ ಕಣ್ತಪ್ಪಿ ಹೋಗುವುದೇ ಹೆಚ್ಚು.

ತೊಡೆ ಮತ್ತು ಕಾಲುಗಳಲ್ಲಿ ಬಲೆಯಂತೆ ಕಾಣುವ ನೀಲಿ ನರಗಳು ಬೇರೆಯೇ ಬಗೆಯವು. ಅವು ಅಭಿಧಮನಿಗಳು, ಅವುಗಳ ಚಿಕಿತ್ಸೆಯೂ ಬೇರೆ.

ಇಂಥ ಒಂದೆರಡು ಗುರುತುಗಳು ಪೂರ್ಣ ಆರೋಗ್ಯವಂತರಲ್ಲೂ, ವಿಶೇಷವಾಗಿ ಮಕ್ಕಳಲ್ಲೂ, ಕಂಡುಬರುತ್ತವೆ. ಅದಕ್ಕಾಗಿ ಕಳವಳಪಡಬೇಕಾಗಿಲ್ಲ. ಗರ್ಭಿಣಿಯರಲ್ಲಿ ಈಸ್ಟ್ರೊಜೆನ್ ಎಂಬ ಹಾರ್ಮೋನು ಏರುವುದರಿಂದ ಇವು ಮೂಡುತ್ತವೆ. ಹೆರಿಗೆಯಾದ ಕೆಲವೇ ತಿಂಗಳಲ್ಲಿ ಬಹುಪಾಲು ತಾವಾಗಿಯೇ ಅಡಗುತ್ತವೆ. ಬಸುರಿಯ ಮುಖದ ಮೇಲೆ ಗುರುತು ಕಂಡಿತೆಂದು ದೃಷ್ಟಿದೋಷ, ಶಕುನಗಳ ಮಾತೆತ್ತಿ ಅವಳ ಮನಸ್ಸು ನೋಯಿಸುವುದು ಸರಿಯಲ್ಲ. ಸಂತಾನ ನಿಯಂತ್ರಣದ ಮಾತ್ರೆ ಸೇವಿಸುವವರಲ್ಲೂ ಇವು ಕಾಣಬಹುದು. ಅಂಥವರು ಮಾತ್ರೆಯನ್ನು ತಾವೇ ನಿಲ್ಲಿಸದೆ ವೈದ್ಯರನ್ನು ಕೇಳಬೇಕು.

ಗುರುತುಗಳ ಸಂಖ್ಯೆ ಐದನ್ನು ಮೀರಿದಾಗ, ಹೊಸ ಹೊಸವು ಮೂಡುತ್ತಿರುವಾಗ, ಅದರಲ್ಲೂ ಅವು ಗಂಡಸರಲ್ಲಿ ಕಂಡಾಗ, ಯಕೃತ್ತಿನ ಕಡೆಗೆ ಗಮನ ಹರಿಯಬೇಕು. ಯಕೃತ್ತು ಎಂದರೆ ಪಿತ್ತಜನಕಾಂಗ. ಈ ಪದವೂ ಶಾಲೆಯ ಪುಸ್ತಕದಿಂದ ಹೊರಗೆ ಅಷ್ಟಾಗಿ ಬಂದಿಲ್ಲವಾದ್ದರಿಂದ, ಜನ ಲಿವರ್ ಎನ್ನುವುದು ಇದನ್ನೇ ಎಂದು ಹೇಳಿಬಿಡುತ್ತೇನೆ. ಈಸ್ಟ್ರೊಜೆನ್ ಅನ್ನು ವಿಘಟಿಸುವುದು ಯಕೃತ್ತಿನ ಕೆಲಸಗಳಲ್ಲೊಂದು. ಅದು ಸೋತಾಗ ಈ ಹಾರ್ಮೋನು ರಕ್ತದಲ್ಲಿ ಹೆಚ್ಚಿ, ಚರ್ಮದ ನಾಳಗಳನ್ನು ಹಿಗ್ಗಿಸುತ್ತದೆ. ಯಕೃತ್ತು ಗಂಟುಗಟ್ಟಿ ಗಡುಸಾಗುವ ಸಿರೋಸಿಸ್ ರೋಗಿಗಳಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಈ ಗುರುತುಗಳಿರುತ್ತವೆ. ಜೊತೆಗೆ ಅಂಗೈ ಕೆಂಪೇರುವುದು, ಕಣ್ಣು ಹಳದಿಯಾಗುವುದು, ಕಾಲು ಊದುವುದು, ಹೊಟ್ಟೆಯಲ್ಲಿ ನೀರು ತುಂಬುವುದು ಕಂಡರೆ ತಡ ಸಲ್ಲದು. ಕಾರಣ ಮದ್ಯಪಾನವೇ ಆಗಬೇಕೆಂದಿಲ್ಲ. ಹೆಪಟೈಟಿಸ್ ಬಿ ಮತ್ತು ಸಿ ಸೋಂಕುಗಳೂ, ಯಕೃತ್ತಿನಲ್ಲಿ ಕೊಬ್ಬು ತುಂಬುವುದೂ ಅದೇ ದಾರಿಗೆ ಒಯ್ಯುತ್ತವೆ.

ಈ ಕೊನೆಯ ಕಾರಣ ಮಣಿಕೊಂಡಕ್ಕೆ ಹತ್ತಿರದ್ದು. ಇಲ್ಲಿನ ಎಷ್ಟೋ ಮನೆಗಳವರು ಗಚ್ಚಿಬೌಲಿ ಸುತ್ತಲಿನ ಕಚೇರಿಗಳಲ್ಲಿ ದಿನವಿಡೀ ಕುಳಿತು ದುಡಿಯುತ್ತಾರೆ. ಹೈದರಾಬಾದ್ ವಿಶ್ವವಿದ್ಯಾನಿಲಯದ ಸಂಶೋಧಕರು ಎ.ಐ.ಜಿ. ಆಸ್ಪತ್ರೆಯ ವೈದ್ಯರೊಡನೆ ಈ ನಗರದ 345 ಮಾಹಿತಿ ತಂತ್ರಜ್ಞಾನ ನೌಕರರನ್ನು ಪರೀಕ್ಷಿಸಿ 2025ರಲ್ಲಿ ವರದಿ ಪ್ರಕಟಿಸಿದರು. ಶೇಕಡಾ 84 ಮಂದಿಯ ಯಕೃತ್ತಿನಲ್ಲಿ ಕೊಬ್ಬು ಸೇರಿತ್ತು. ಅವರೆಲ್ಲರಿಗೂ ಸಿರೋಸಿಸ್ ಬರುತ್ತದೆಂದು ಇದರ ಅರ್ಥವಲ್ಲ. ಆದರೆ ಕೊಬ್ಬು ಸೇರುವ ಹಂತದಲ್ಲಿ ಚರ್ಮ ಏನನ್ನೂ ಹೇಳುವುದಿಲ್ಲ. ಆದ್ದರಿಂದ ತೂಕ ಹೆಚ್ಚಿರುವವರು, ಸಕ್ಕರೆ ಕಾಯಿಲೆಯವರು ಜೇಡದ ಗುರುತಿಗಾಗಿ ಕಾಯದೆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳಿತು.

ಇನ್ನು ಚಿಕಿತ್ಸೆ. ನಿರಪಾಯಕಾರಿ ಗುರುತಿಗೆ ಚಿಕಿತ್ಸೆಯೇ ಬೇಕಿಲ್ಲ. ಅಂದಗೆಡುತ್ತದೆಂದು ತೆಗೆಸಬಯಸುವವರಿಗೆ ಚರ್ಮರೋಗ ತಜ್ಞರು ಸಣ್ಣ ಸೂಜಿಯ ಮೂಲಕ ವಿದ್ಯುತ್ ಶಾಖ ಕೊಟ್ಟೋ, ಲೇಸರ್ ಕಿರಣದಿಂದಲೋ ನಡುವಿನ ನಾಳವನ್ನು ಮುಚ್ಚುತ್ತಾರೆ. ಕಾಲುಗಳು ತಾವಾಗಿ ಮಾಸುತ್ತವೆ. ಕೆಲವೊಮ್ಮೆ ಗುರುತು ಮರಳುತ್ತದೆ. ಕಪ್ಪು ಚರ್ಮದಲ್ಲಿ ಲೇಸರಿನಿಂದ ಕಲೆ ಉಳಿಯುವ ಸಂಭವವಿರುವುದರಿಂದ ಅನುಭವಿಗಳಲ್ಲಿಗೇ ಹೋಗಬೇಕು. ಮುಲಾಮುಗಳಿಂದ ಪ್ರಯೋಜನವಿಲ್ಲ. ಸುಣ್ಣ ಹಚ್ಚುವುದು, ಸುಡುವುದು, ಕೆರೆಯುವುದು ಗಾಯಕ್ಕೆ ದಾರಿ. ಗೀರಿ ರಕ್ತ ಬಂದರೆ ಸ್ವಚ್ಛ ಬಟ್ಟೆಯಿಂದ ಕೆಲವು ನಿಮಿಷ ಬಿಗಿಯಾಗಿ ಒತ್ತಿ ಹಿಡಿಯಿರಿ.

ಯಕೃತ್ತಿನ ದೋಷದಿಂದ ಬಂದವನ್ನು ಮಾತ್ರ ಚರ್ಮದ ಮೇಲಿಂದ ಅಳಿಸಿದರೆ ಸುದ್ದಿ ತಂದವನನ್ನು ಓಡಿಸಿದಂತಾಗುತ್ತದೆ. ಅಲ್ಲಿ ರಕ್ತಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್ ಮೊದಲು; ಲೇಸರ್ ಆಮೇಲೆ. ಮದ್ಯ ಬಿಟ್ಟು ಯಕೃತ್ತು ಚೇತರಿಸಿಕೊಂಡವರಲ್ಲಿ ಈ ಗುರುತುಗಳೂ ಮಸುಕಾಗುವುದುಂಟು. ಹೆಪಟೈಟಿಸ್ ಸಿ ಸೋಂಕು ಸಾಮಾನ್ಯವಾಗಿ 12 ವಾರಗಳ ಮಾತ್ರೆಯಿಂದ ಬಹುತೇಕರಲ್ಲಿ ಗುಣವಾಗುತ್ತದೆ. ಬಿ ಸೋಂಕನ್ನು ಔಷಧಿಯಿಂದ ಹತೋಟಿಯಲ್ಲಿಡಬಹುದು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ನಿಗದಿತ ಸರ್ಕಾರಿ ಕೇಂದ್ರಗಳಲ್ಲಿ ಈ ಎರಡರ ಪರೀಕ್ಷೆ, ಔಷಧಿಗಳು ಉಚಿತ. ಮನೆಯಲ್ಲಿ ಹೆರಿಗೆಯ ದಿನ ಸಮೀಪಿಸಿದ್ದರೆ, ಮಗು ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಲು ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ.