ಬಾಳಿಗೆ ಅರ್ಥ ಬರುವುದು ಎಲ್ಲಿಂದ?

(ಸಂಸ್ಥೆಯ ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ವಿದ್ಯಾರ್ಥಿಗಳನ್ನೂ ಪಾಲಕರನ್ನೂ ಉದ್ದೇಶಿಸಿ ಮಾಡಿದ ಭಾಷಣ)



ಈ ವರ್ಷದ ಚರ್ಚಾಕೂಟಕ್ಕೆ ವಿಷಯಗಳನ್ನು ಸೂಚಿಸಿರೆಂದು ಮೇಲಿನ ಇಯತ್ತೆಗಳ ವಿದ್ಯಾರ್ಥಿಗಳಿಗೆ ಹೇಳಿದ್ದೆವು. ಬಂದ ಚೀಟಿಗಳಲ್ಲಿ ಹೆಚ್ಚಿನವು ವರ್ಷವೂ ಬರುವಂಥವೇ. ಒಂದರಲ್ಲಿ ಮಾತ್ರ ಹೀಗೆ ಬರೆದಿತ್ತು: “ದೇವರಿಲ್ಲವೆಂದಾದರೆ, ಒಂದು ದಿನ ಎಲ್ಲವೂ ಅಳಿದುಹೋಗುವುದೆಂದಾದರೆ, ಬದುಕಿಗೆ ಅರ್ಥವೇನು?” ಕೆಳಗೆ ಹೆಸರಿರಲಿಲ್ಲ. ಈ ಸುದ್ದಿ ಮನೆಗಳಿಗೂ ಮುಟ್ಟಿ, ಇಂಥ ವಿಷಯವು ಶಾಲೆಯಲ್ಲಿ ಬೇಡ, ಮಕ್ಕಳ ಮನಸ್ಸು ಕದಡೀತು ಎಂದು ಕೆಲವರು ಪಾಲಕರು ನಮ್ಮಲ್ಲಿಗೆ ಬಂದು ಹೇಳಿದರು. ಅವರ ಕಳಕಳಿಯನ್ನು ನಾವು ಹಗುರಾಗಿ ಕಾಣುವವರಲ್ಲ. ಆದರೆ ಮನಸ್ಸು ಕದಡಿದ ಮೇಲೆಯೇ ಈ ಚೀಟಿಯು ಹುಟ್ಟಿದೆ. ಶಾಲೆಯು ಬಾಯಿ ಮುಚ್ಚಿಸಿದರೆ ಆ ಹುಡುಗನೋ ಹುಡುಗಿಯೋ ಒಬ್ಬಂಟಿಯಾಗಿ ಅದನ್ನು ಹೊತ್ತು ತಿರುಗಬೇಕಾದೀತು. ಆದುದರಿಂದ ಚರ್ಚಾಕೂಟಕ್ಕೆ ಬಿಡದೆ, ಈ ಸಮ್ಮೇಳನದಲ್ಲಿ, ನಿಮ್ಮೆಲ್ಲರ ಸಮಕ್ಷಮದಲ್ಲಿಯೇ ನಮ್ಮ ಅಲ್ಪಮತಿಗೆ ತೋಚಿದುದನ್ನು ಹೇಳುವುದು ಲೇಸೆಂದು ಬಗೆದೆವು. ದೇವರು ಇದ್ದಾನೆಯೋ ಇಲ್ಲವೋ ಎಂಬುದನ್ನು ನಿರ್ಣಯಿಸುವುದು ನಮ್ಮ ಉದ್ದೇಶವಲ್ಲ. ಇಲ್ಲವೆಂದು ತಿಳಿದವನಿಗೂ ಅರ್ಥವುಳ್ಳ ಬಾಳು ಸಾಧ್ಯವೇ ಎಂಬುದಷ್ಟೇ ಇಂದಿನ ವಿಚಾರ.

ಇದು ಹೊರದೇಶದಿಂದ ಬಂದ ಪ್ರಶ್ನೆಯೆಂದು ಯಾರೂ ತಿಳಿಯಬಾರದು. ಈಶ್ವರಕೃಷ್ಣನ ಸಾಂಖ್ಯವು ಜಗತ್ತನ್ನು ವಿವರಿಸಲು ಈಶ್ವರನನ್ನು ಕರೆಯುವುದಿಲ್ಲ. ಜೈನ ದರ್ಶನವು ಸೃಷ್ಟಿಕರ್ತನನ್ನು ಒಪ್ಪುವುದಿಲ್ಲ. ಆ ದರ್ಶನದ ನೆರಳಿನಲ್ಲಿಯೇ ಪಂಪನು 941ರಲ್ಲಿ ಆದಿಪುರಾಣವನ್ನು ರಚಿಸಿದನು. ಆದರೆ ಇವರೆಲ್ಲರಿಗೂ ಕೈವಲ್ಯವೋ ಮೋಕ್ಷವೋ ಎಂಬ ಶಾಶ್ವತವಾದ ಗುರಿಯೊಂದು ಇದ್ದೇ ಇತ್ತು. ಚೀಟಿ ಬರೆದವರ ಪ್ರಶ್ನೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ: ದೇವರೂ ಇಲ್ಲ, ಕೊನೆಯಿಲ್ಲದ ಗುರಿಯೂ ಇಲ್ಲ; ಆಗ?

ಈ “ಆಗ?” ಎಂಬುದು ಎಷ್ಟು ಹರಿತವಾದುದೆಂಬುದನ್ನು ರಷ್ಯದ ಟಾಲ್‌ಸ್ಟಾಯ್ ಅನುಭವಿಸಿದಷ್ಟು ತೀವ್ರವಾಗಿ ಅನುಭವಿಸಿದವರು ವಿರಳ. 1828ರಲ್ಲಿ ಹುಟ್ಟಿದ ಆತನಿಗೆ ಐವತ್ತರ ಸುಮಾರಿನಲ್ಲಿ ಭೂಮಿ, ಸಂಸಾರ, ಲೋಕಕೀರ್ತಿ ಎಲ್ಲವೂ ಇದ್ದುವು. ಅಷ್ಟರಲ್ಲಿಯೂ, ಸಾವು ಅಳಿಸಿಹಾಕಲಾರದ ಅರ್ಥವೊಂದು ತನ್ನ ಬಾಳಿನಲ್ಲಿ ಇದೆಯೇ ಎಂಬ ಪ್ರಶ್ನೆಯು ಎದ್ದು ನಿಂತು, ಆತನಿಗೆ ಕೈಕಾಲು ಆಡದಂತಾಯಿತು. ‘ಕನ್‌ಫೆಷನ್’ ಎಂಬ ಪುಸ್ತಕದಲ್ಲಿ ಈ ಸಂಕಟವನ್ನು ಆತನು ಏನೂ ಮರೆಮಾಚದೆ ಹೇಳಿಕೊಂಡಿದ್ದಾನೆ. ವಿದ್ವಾಂಸರಲ್ಲಿ ದೊರೆಯದ ಉತ್ತರವು ಹೊಲದಲ್ಲಿ ದುಡಿಯುವ ರೈತರಲ್ಲಿ ಆತನಿಗೆ ದೊರೆಯಿತು. ಅವರು ಬಡವರು, ಆದರೂ ಬದುಕು ಏಕೆಂದು ಕೇಳಿ ಕುಗ್ಗಿದವರಲ್ಲ. ಅವರ ದೈವಶ್ರದ್ಧೆಯೇ ಇದಕ್ಕೆ ಕಾರಣವೆಂದು ಟಾಲ್‌ಸ್ಟಾಯ್ ತೀರ್ಮಾನಿಸಿದನು. ಆ ಮಹನೀಯನ ಮಾತಿಗೆ ಎದುರಾಡುವ ಯೋಗ್ಯತೆ ನಮಗಿಲ್ಲವಾದರೂ ಒಂದು ಮಾತನ್ನು ಕೇಳಬೇಕೆನಿಸುತ್ತದೆ. ಆ ರೈತರಲ್ಲಿ ಶ್ರದ್ಧೆಯಿದ್ದಂತೆ ದುಡಿಮೆಯೂ ಇತ್ತು. ಆ ದುಡಿಮೆಯನ್ನು ನೆಚ್ಚಿಕೊಂಡ ಹೆಂಡಿರು ಮಕ್ಕಳು ಇದ್ದರು. ಎರಡರಲ್ಲಿ ಯಾವುದು ಅವರನ್ನು ಎತ್ತಿ ಹಿಡಿದಿತ್ತೆಂದು ಬೇರ್ಪಡಿಸಿ ಹೇಳುವುದು ಹೇಗೆ?

ಇನ್ನು ಅಳಿದುಹೋಗುವುದರ ವಿಷಯ. ಸೂರ್ಯನ ವಯಸ್ಸು ಸುಮಾರು 460 ಕೋಟಿ ವರ್ಷಗಳೆಂದೂ, ಇನ್ನು ಸುಮಾರು 500 ಕೋಟಿ ವರ್ಷಗಳಲ್ಲಿ ಅದರ ಇಂಧನವು ತೀರಿಹೋಗುವುದೆಂದೂ ಖಗೋಲ ಶಾಸ್ತ್ರಜ್ಞರು ಹೇಳುತ್ತಾರೆ. ಆಗ ಈ ಭೂಮಿಯ ಮೇಲೆ ಓದುವವರೂ ಇಲ್ಲ, ಓದಿಸುವವರೂ ಇಲ್ಲ. ಇದನ್ನು ಕೇಳಿ ಎಳೆಯ ಮನಸ್ಸು ಅಂಜುವುದು ಸಹಜ. ಆದರೆ ಈ ಅಂಜಿಕೆಯ ಬುಡದಲ್ಲಿ ಒಂದು ಎಣಿಕೆಯಿದೆ: ಬಹುಕಾಲ ಬಾಳುವುದಕ್ಕೆ ಅರ್ಥ ಹೆಚ್ಚು, ಬೇಗ ಅಳಿಯುವುದಕ್ಕೆ ಅರ್ಥ ಕಡಿಮೆ, ಎಂದೆಂದಿಗೂ ಇರುವುದಕ್ಕೆ ಪೂರ್ಣ ಅರ್ಥ ಎಂಬುದು. ಈ ಎಣಿಕೆಯು ಸರಿಯೇ?

ಗ್ರೀಕರ ಪುರಾಣದಲ್ಲಿ ಸಿಸಿಫಸ್ ಎಂಬ ಅರಸನ ಕಥೆಯಿದೆ. ದೇವತೆಗಳನ್ನು ವಂಚಿಸಿದುದಕ್ಕಾಗಿ ಅವನಿಗೊಂದು ಶಿಕ್ಷೆ. ದೊಡ್ಡ ಬಂಡೆಗಲ್ಲನ್ನು ಗುಡ್ಡದ ತುದಿಗೆ ಉರುಳಿಸಿಕೊಂಡು ಹೋಗಬೇಕು. ತುದಿಗೆ ಮುಟ್ಟುವಷ್ಟರಲ್ಲಿ ಅದು ಕೆಳಕ್ಕೆ ಉರುಳುತ್ತದೆ. ಅವನು ಇಳಿದು ಬಂದು ಮತ್ತೆ ದೂಡಬೇಕು. ಈ ಕೆಲಸಕ್ಕೆ ಕೊನೆಯಿಲ್ಲ. ಶಾಶ್ವತವಾದ ಕೆಲಸವೇ ಅರ್ಥವುಳ್ಳದ್ದಾದರೆ ಲೋಕದಲ್ಲಿ ಸಿಸಿಫಸ್‌ನಷ್ಟು ಧನ್ಯನು ಬೇರೊಬ್ಬನಿರಲಾರನು. ಆದರೆ ವ್ಯರ್ಥವಾದ ದುಡಿಮೆಗೆ ಲೋಕವು ಕೊಡುವ ಮೊದಲ ದೃಷ್ಟಾಂತವೇ ಅವನು. ಅವನ ಕಲ್ಲಿನಿಂದ ಯಾರಿಗೂ ಏನೂ ಆಗುವುದಿಲ್ಲ. ಕಾಲವನ್ನು ಎಷ್ಟು ಲಂಬಿಸಿದರೂ ಆ ಕೊರತೆಯು ತುಂಬುವುದಿಲ್ಲ.

ಈಗ ನಮ್ಮ ಭಾಗದ ಕಲ್ಲಿನ ಮಾತಿಗೆ ಬರೋಣ. 1972ರ ಬರಗಾಲದಲ್ಲಿ ಮಹಾರಾಷ್ಟ್ರದ ಬಯಲುಸೀಮೆಯ ಲಕ್ಷಾಂತರ ಜನರು ಸರಕಾರದ ಕಾಮಗಾರಿಗಳಲ್ಲಿ ಖಡಿ ಒಡೆದರು, ಮಣ್ಣು ಹೊತ್ತರು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕಡೆಯ ವಿದ್ಯಾರ್ಥಿಗಳು ಮನೆಯಲ್ಲಿ ಅಜ್ಜ ಅಜ್ಜಿಯರನ್ನು ಕೇಳಿರಿ. ಆ ವರ್ಷದ ಹೆಸರೆತ್ತಿದರೆ ಸಾಕು, ಅವರು ಹೇಳತೊಡಗುತ್ತಾರೆ. ಹೊಲದೊಡೆಯರೂ ಕೂಲಿಯವರೂ ಒಂದೇ ಸಾಲಿನಲ್ಲಿ ಕುಳಿತು ಬಿಸಿಲಲ್ಲಿ ಸುತ್ತಿಗೆ ಎತ್ತಿದರು. ಇಂದು ಒಡೆದ ಕಲ್ಲಿನಂಥದೇ ನಾಳೆಯ ಕಲ್ಲು, ನಾಳೆಯದರಂಥದೇ ನಾಡಿದ್ದಿನದು. ದೂರದಿಂದ ನೋಡುವವನಿಗೆ ಸಿಸಿಫಸ್‌ನ ಕೆಲಸಕ್ಕೂ ಇದಕ್ಕೂ ಭೇದ ಕಾಣದು. ಆದರೆ ಅಲ್ಲಿ ಕುಳಿತ ತಾಯಿಯನ್ನು, ‘ಅವ್ವಾ, ಈ ಕಲ್ಲು ಒಡೆಯುವುದಕ್ಕೆ ಏನರ್ಥ?’ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವಳು ನಕ್ಕು, ಗಿಡದ ನೆರಳಿನಲ್ಲಿ ಮಲಗಿಸಿದ ಕೂಸಿನ ಕಡೆಗೆ ಬೆರಳು ಮಾಡುತ್ತಿದ್ದಳು. ಆ ಕೂಲಿಯ ಜೋಳವು ಅಂದಿನ ರಾತ್ರಿಗೇ ಮುಗಿದುಹೋಯಿತು. ಮುಗಿದುಹೋಯಿತೆಂದು ಅದು ವ್ಯರ್ಥವಾಯಿತೇ?

ಅರ್ಥವೆಂಬುದು ಕೆಲಸದ ಆಯುಸ್ಸಿನಲ್ಲಿ ಇಲ್ಲ. ಅದು ಯಾರಿಗಾಗಿ ನಡೆಯುತ್ತದೆಯೋ ಅವರ ಕಡೆಯಿಂದ ಅದಕ್ಕೆ ಅರ್ಥವು ಒದಗಿಬರುತ್ತದೆ ಎಂಬುದು ನಮ್ಮ ಮತ.

ಆದರೆ ದೇವರನ್ನು ನಂಬದ ಮನುಷ್ಯನು ಜೀವನವಿಡೀ ಹೀಗೆ ಪರರಿಗಾಗಿ ದುಡಿಯಬಲ್ಲನೇ, ನಡುವೆ ದಣಿದು ಸ್ವಾರ್ಥಕ್ಕೆ ಇಳಿಯುವುದಿಲ್ಲವೇ ಎಂದು ಪಾಲಕರು ಕೇಳಬಹುದು. ಇದಕ್ಕೆ ತರ್ಕಕ್ಕಿಂತ ಒಂದು ಚರಿತ್ರೆಯೇ ಸರಿಯಾದ ಉತ್ತರ. ಅದಕ್ಕಾಗಿ ದೂರ ಹೋಗಬೇಕಾಗಿಯೂ ಇಲ್ಲ. ಕರಾಡದ ಹತ್ತಿರ ಟೆಂಭೂ ಎಂಬ ಊರಿದೆ. ಸಾಂಗೋಲೆ ಆಟಪಾಡಿಗಳ ಕಡೆಗೆ ಕೃಷ್ಣೆಯ ನೀರನ್ನು ಎತ್ತಿ ಹಾಯಿಸುವ ಯೋಜನೆಯಿಂದಾಗಿ ಆ ಹೆಸರು ಇಂದು ನಮ್ಮ ರೈತರಿಗೆ ಪರಿಚಿತವಾಗಿದೆ. ಗೋಪಾಳ ಗಣೇಶ ಆಗರಕರರು ಹುಟ್ಟಿದ್ದು ಆ ಊರಿನಲ್ಲಿ, 1856ರಲ್ಲಿ. ಕಡುಬಡತನದಲ್ಲಿ ಓದಿದವರು. ಕಾಲೇಜಿನಲ್ಲಿದ್ದಾಗ ಒಂದೇ ಅಂಗಿಯನ್ನು ರಾತ್ರಿ ಒಗೆದು ಬೆಳಿಗ್ಗೆ ತೊಡುತ್ತಿದ್ದರೆಂದು ಹೇಳುತ್ತಾರೆ. ಎಂ.ಎ. ಓದುವ ಕಾಲದಲ್ಲಿ ಅವರು ತಾಯಿಗೆ ಬರೆದ ಕಾಗದವು ಮಹಾರಾಷ್ಟ್ರದಲ್ಲಿ ಪ್ರಸಿದ್ಧವಾಗಿದೆ. ಮಗನು ದೊಡ್ಡ ಪರೀಕ್ಷೆ ಮುಗಿಸಿ ದೊಡ್ಡ ಸಂಬಳ ತರುವನೆಂಬ ಆಸೆಯನ್ನು ಇಟ್ಟುಕೊಳ್ಳಬೇಡ, ಹೊಟ್ಟೆಗೆ ಬೇಕಾದಷ್ಟರಲ್ಲಿ ತೃಪ್ತನಾಗಿ ಉಳಿದ ಕಾಲವನ್ನೆಲ್ಲ ಜನಹಿತಕ್ಕೆ ಕೊಡುವೆನು ಎಂಬುದು ಅದರ ತಾತ್ಪರ್ಯ. ಆ ಕಾಗದವನ್ನು ಓದಿಸಿಕೊಂಡು ಕೇಳಿದ ತಾಯಿಗೆ ಹೇಗಾಗಿರಬೇಡವೆಂದು ಇಲ್ಲಿ ಕುಳಿತ ತಾಯಂದಿರೇ ಊಹಿಸಬಲ್ಲರು.

ಆಗರಕರರು ನುಡಿದಂತೆಯೇ ನಡೆದರು. 1880ರಲ್ಲಿ ಪುಣೆಯಲ್ಲಿ ಆರಂಭವಾದ ನ್ಯೂ ಇಂಗ್ಲಿಷ್ ಸ್ಕೂಲನ್ನು ಸೇರಿ ಕಲಿಸಿದರು; ‘ಕೇಸರಿ’ಯ ಮೊದಲ ಸಂಪಾದಕರಾದರು; ಕೊಲ್ಹಾಪುರದ ಪ್ರಕರಣದಲ್ಲಿ 1882ರಲ್ಲಿ ಟಿಳಕರೊಂದಿಗೆ ಮುಂಬಯಿಯ ಡೋಂಗ್ರಿ ಸೆರೆಮನೆಯಲ್ಲಿ 101 ದಿನ ಕಳೆದರು. 1884ರಲ್ಲಿ ಡೆಕ್ಕನ್ ಎಜುಕೇಶನ್ ಸೊಸೈಟಿ, 1885ರಲ್ಲಿ ಫರ್ಗ್ಯುಸನ್ ಕಾಲೇಜು. ಮುಂದೆ ಅಭಿಪ್ರಾಯಭೇದದಿಂದ ಕೇಸರಿಯನ್ನು ಬಿಟ್ಟು, 1888ರಲ್ಲಿ ‘ಸುಧಾರಕ’ ಪತ್ರಿಕೆಯನ್ನು ತೆಗೆದರು. ಹೆಣ್ಣುಮಕ್ಕಳಿಗೆ ಶಿಕ್ಷಣ ಬೇಕು, ವಿಧವೆಯ ತಲೆ ಬೋಳಿಸುವುದು ಕ್ರೌರ್ಯ, ಅಸ್ಪೃಶ್ಯತೆ ಅನ್ಯಾಯ ಎಂದು ಬರೆದರು. ಇದೆಲ್ಲವನ್ನೂ ಬರೆದವರು ದೇವರ ಹೆಸರಿನಲ್ಲಿ ಬರೆಯಲಿಲ್ಲ. ಮಿಲ್, ಸ್ಪೆನ್ಸರರ ಗ್ರಂಥಗಳನ್ನು ಓದಿ ಅವರು ಅಜ್ಞೇಯವಾದಿಗಳಾಗಿದ್ದರು. ಪರಲೋಕದ ಫಲವನ್ನು ನೆಚ್ಚಿದವರಲ್ಲ. ಸಂಪ್ರದಾಯಸ್ಥರು ಸಿಟ್ಟಿಗೆದ್ದು ಅವರು ಬದುಕಿರುವಾಗಲೇ ಪುಣೆಯ ಬೀದಿಯಲ್ಲಿ ಅವರ ಅಣಕು ಶವಯಾತ್ರೆಯನ್ನು ತೆಗೆದರು. ಆಗರಕರರು ಬರೆಯುವುದನ್ನು ನಿಲ್ಲಿಸಲಿಲ್ಲ. ಉಬ್ಬಸದಿಂದ ನರಳುತ್ತಲೇ 1892ರಿಂದ ಫರ್ಗ್ಯುಸನ್ ಕಾಲೇಜಿನ ಪ್ರಾಚಾರ್ಯರಾಗಿದ್ದು, 1895ರ ಜೂನ್ 17ರಂದು ತೀರಿಕೊಂಡರು. ಆಗ ಅವರ ವಯಸ್ಸು ಮೂವತ್ತೊಂಬತ್ತು ತುಂಬಿರಲಿಲ್ಲ. ತಮ್ಮ ಅಂತ್ಯಸಂಸ್ಕಾರಕ್ಕೆ ಮನೆಯವರು ಸಾಲ ಮಾಡಬಾರದೆಂದು ಸ್ವಲ್ಪ ಹಣವನ್ನು ಪೊಟ್ಟಣ ಕಟ್ಟಿ ಇಟ್ಟಿದ್ದರೆಂದು ಹೇಳುವುದುಂಟು. ಮರುವರ್ಷ, 1896ರಲ್ಲಿ, ಅದೇ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಧೋಂಡೋ ಕೇಶವ ಕರ್ವೆಯವರು ವಿಧವೆಯರಿಗಾಗಿ ಆಶ್ರಮವನ್ನು ತೆರೆದರು. 1916ರಲ್ಲಿ ಮಹಿಳಾ ವಿದ್ಯಾಪೀಠವನ್ನು ಸ್ಥಾಪಿಸಿದರು. ಇದಾವುದನ್ನೂ ಆಗರಕರರು ಕಣ್ಣಾರೆ ನೋಡಲಿಲ್ಲ.

ಇದನ್ನು ಹೇಳಿದೊಡನೆ, ಸೊನ್ನಲಿಗೆಯ ಸಿದ್ಧರಾಮನನ್ನು ಸಹ ನೆನೆಯದೆ ಇರಲಾಗದು. ಹನ್ನೆರಡನೆಯ ಶತಮಾನದ ಆ ಶಿವಯೋಗಿಯು ಕೆರೆ ಕಟ್ಟಿಸಿದ್ದು ಶಿವನಿಗಾಗಿ. ಆಗರಕರರು ಶಾಲೆಯಲ್ಲಿ ಕಲಿಸಿದ್ದು ಮನುಷ್ಯನಿಗಾಗಿ. ಒಬ್ಬರು ಮಹಾಭಕ್ತರು, ಇನ್ನೊಬ್ಬರು ನಂಬದವರು. ಆದರೆ ಕೆರೆಯ ದಂಡೆಗೆ ಬಂದ ಬಾಯಾರಿದವನಿಗೂ ಶಾಲೆಯ ಬಾಗಿಲಿಗೆ ಬಂದ ಹುಡುಗನಿಗೂ ಈ ಭೇದವು ಅಡ್ಡಬರುವುದಿಲ್ಲ. ಭಕ್ತರಾದ ಪಾಲಕರು ತಮ್ಮ ಭಕ್ತಿಯನ್ನು ಕಿಂಚಿತ್ತೂ ಸಡಿಲಿಸಬೇಕಾಗಿಲ್ಲ. ನಂಬದ ಮಗನು ಕೆಟ್ಟವನಾದನೆಂದು ಮಾತ್ರ ಅವರು ಅವಸರಪಡಬಾರದು; ಹಾಗೆಯೇ ನಂಬದ ಮಗನು ತಾಯಿಯ ಪೂಜೆಯನ್ನು ಹಾಸ್ಯಮಾಡಬಾರದು. ಮನೆಗಳಲ್ಲಿ ಹೆಚ್ಚಿನ ಜಗಳವು ಇಲ್ಲಿಯೇ ಹುಟ್ಟುತ್ತದೆಯೆಂಬುದನ್ನು ನಾವು ಬಲ್ಲೆವು.

ಒಂದು ಕಡೆಯಲ್ಲಿ ಮಾತ್ರ ನಮ್ಮ ಈ ಉತ್ತರವು ಸಾಲದು. ಫ್ರೆಂಚ್ ಲೇಖಕ ಆಲ್ಬೇರ್ ಕಮೂ 1947ರಲ್ಲಿ ‘ಪ್ಲೇಗ್’ ಎಂಬ ಕಾದಂಬರಿಯನ್ನು ಪ್ರಕಟಿಸಿದನು. ಆಲ್ಜೀರಿಯದ ಒರಾನ್ ಪಟ್ಟಣಕ್ಕೆ ಪ್ಲೇಗು ಬಡಿದಾಗ ದೇವರನ್ನು ನಂಬದ ವೈದ್ಯನೊಬ್ಬನೂ ಕ್ರೈಸ್ತ ಪಾದ್ರಿಯೊಬ್ಬನೂ ಕೂಡಿಯೇ ರೋಗಿಗಳ ಸೇವೆಗೆ ನಿಲ್ಲುತ್ತಾರೆ. ಒಬ್ಬ ಚಿಕ್ಕ ಹುಡುಗನು ಅವರಿಬ್ಬರ ಎದುರಿನಲ್ಲಿಯೇ ನರಳಿ ನರಳಿ ಸಾಯುತ್ತಾನೆ. ವೈದ್ಯನಲ್ಲಿ ಅದಕ್ಕೆ ಉತ್ತರವಿಲ್ಲ. ಪಾದ್ರಿಯ ಶ್ರದ್ಧೆಯೂ ಅಲುಗಾಡುತ್ತದೆ. ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ನಿಂತು, ಅರ್ಥವು ದುಡಿಮೆಯಲ್ಲಿದೆ ಎಂದು ಉಪದೇಶಿಸುವುದು ನಿರ್ದಯತನವೇ ಸರಿ. ಅಂಥ ತಾಯಿಗೆ ದೇವರ ಮೇಲಿನ ನಂಬಿಗೆಯು ಕೊಡುವ ಸಮಾಧಾನವನ್ನು ಬೇರೆ ಯಾವ ವಿಚಾರವೂ ಅಷ್ಟರಮಟ್ಟಿಗೆ ಕೊಡುವುದನ್ನು ನಾವು ಕಂಡಿಲ್ಲ. ನಂಬದವನಿಗೆ ಉಳಿಯುವುದು ಅವಳ ಹತ್ತಿರ ಸುಮ್ಮನೆ ಕುಳಿತುಕೊಳ್ಳುವುದು, ಮನೆಗೆ ನೀರು ತಂದುಕೊಡುವುದು, ಉಳಿದ ಮಕ್ಕಳಿಗೆ ಉಣಿಸುವುದು, ಇಷ್ಟೇ.

ಈ ಕಮೂ ಎಂಬಾತನ ಸ್ವಂತ ಬಾಳಿನ ಸಂಗತಿಯೊಂದು ನಮ್ಮಂಥ ಶಾಲೆಗಳವರು ತಿಳಿದಿರತಕ್ಕದ್ದು. 1913ರಲ್ಲಿ ಆಲ್ಜೀರಿಯದಲ್ಲಿ ಹುಟ್ಟಿದ ಆತನ ತಂದೆ 1914ರ ಯುದ್ಧದಲ್ಲಿ ಮಡಿದನು. ತಾಯಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ, ಓದುಬರಹ ಬರುತ್ತಿರಲಿಲ್ಲ. ಪರರ ಮನೆಯ ಕಸಮುಸುರೆ ಮಾಡಿ ಮಕ್ಕಳನ್ನು ಸಾಕಿದಳು. ಲೂಯಿ ಜೆರ್ಮೇನ್ ಎಂಬ ಪ್ರಾಥಮಿಕ ಶಾಲೆಯ ಶಿಕ್ಷಕನು ಈ ಹುಡುಗನನ್ನು ಗುರುತಿಸಿ, ಹೆಚ್ಚಿನ ಪಾಠ ಹೇಳಿ, ವಿದ್ಯಾರ್ಥಿವೇತನದ ಪರೀಕ್ಷೆಗೆ ಕೂರಿಸಿದನು. 1957ರಲ್ಲಿ ಕಮೂಗೆ ನೊಬೆಲ್ ಬಹುಮಾನವು ಬಂದಾಗ, ಆತನು ಮೊದಲು ತಾಯಿಯನ್ನೂ ಅವಳ ತರುವಾಯ ಈ ಶಿಕ್ಷಕನನ್ನೂ ನೆನೆದು, ಕೃತಜ್ಞತೆಯ ಕಾಗದವೊಂದನ್ನು ಬರೆದನು. ಲೋಕಕ್ಕೆ ತಾನಾಗಿಯೇ ಯಾವ ಅರ್ಥವೂ ಇಲ್ಲವೆಂದು ಪ್ರತಿಪಾದಿಸಿದ ಮನುಷ್ಯನಿವನು. 1960ರ ಜನವರಿ 4ರಂದು ಮೋಟಾರು ಅಪಘಾತದಲ್ಲಿ ಆತನು ತೀರಿಕೊಂಡನು. 1962ರಲ್ಲಿ ಆಲ್ಜೀರಿಯ ಸ್ವತಂತ್ರವಾಯಿತು. ಅಲ್ಲಿದ್ದ ಫ್ರೆಂಚ್ ಜನರಲ್ಲಿ ಬಹುಪಾಲಿನವರು ಸಮುದ್ರ ದಾಟಿ ಹೊರಟುಹೋದರು. ಜೆರ್ಮೇನ್ ಕಲಿಸಿದ ಆ ಕಾಲದ ಶಾಲಾಲೋಕವೇ ಮುಗಿಯಿತು. ಆದರೂ ಆ ಬಡ ಹುಡುಗನನ್ನು ಅವನು ಒಮ್ಮೆ ಕೈಹಿಡಿದು ಕೂರಿಸಿಕೊಂಡದ್ದು ನಡೆಯಲೇ ಇಲ್ಲವೆಂದು ಯಾರೂ ಹೇಳಲಾರರು.

ಇದನ್ನು ಇಷ್ಟು ವಿಸ್ತರಿಸಿದುದಕ್ಕೆ ಕಾರಣವಿದೆ. ಗಡಿಯಾಚೆಯ ಕನ್ನಡ ಶಾಲೆಗಳ ಒಂದನೆಯ ಇಯತ್ತೆಗೆ ಮಕ್ಕಳು ಬರುವುದು ಕಡಿಮೆಯಾಗುತ್ತಿರುವುದನ್ನು ಪಾಲಕರೆಲ್ಲರೂ ಬಲ್ಲಿರಿ. “ಹೇಗೂ ನಿಲ್ಲುವ ಶಾಲೆ, ಇನ್ನೇಕೆ ಈ ಖಟಪಟಿ?” ಎಂದು ನಮ್ಮ ಹಿತಚಿಂತಕರೇ ಕೆಲವರು ಕೇಳುತ್ತಾರೆ. ಹೆಸರಿಲ್ಲದ ಆ ಚೀಟಿಯ ಪ್ರಶ್ನೆಗೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಶಾಲೆಯು ನೂರು ವರ್ಷ ನಡೆದೀತೆಂದು ನಾವು ಮಾತು ಕೊಡಲಾರೆವು. ಬರುವ ಜೂನದಲ್ಲಿ ಎಷ್ಟು ಮಕ್ಕಳು ಬಂದರೂ, ಹನ್ನೆರಡೇ ಆಗಲಿ, ಅವರಿಗೆ ಓದುಬರಹ ಕಲಿಸುವ ಏರ್ಪಾಡು ಆಗಿದೆ. ಪಾಟಿ ಪುಸ್ತಕಗಳು ಕಚೇರಿಯಲ್ಲಿ ಬಂದಿಳಿದಿವೆ. ಹೆಸರು ಹಚ್ಚುವುದು ಸೋಮವಾರದಿಂದ. ಚೀಟಿ ಬರೆದ ವಿದ್ಯಾರ್ಥಿಯು, ಮನಸ್ಸು ಬಂದರೆ, ಸಂಜೆಯ ಹೊತ್ತು ಬಂದು ನಮ್ಮೊಡನೆ ವಾದ ಮಾಡಬಹುದು. ಹೆಸರು ಹೇಳಬೇಕೆಂಬ ನಿರ್ಬಂಧವಿಲ್ಲ.